ಇಸ್ತಿಗ್ಫಾರ್: ಅಲ್ಲಾಹನಲ್ಲಿ ಕ್ಷಮೆ ಯಾಚಿಸುವ ಕ್ರಮ, ಹೊತ್ತು ಮತ್ತು ಫಲ

ಫರ್ಝ್ (ಕಡ್ಡಾಯ) ನಮಾಝನ್ನು ಮುಗಿಸುವ ಸಲಾಮ್ ಹೇಳಿದ ಕೂಡಲೇ ಪ್ರವಾದಿ ಮುಹಮ್ಮದರು (ಸ) ಮೂರು ಬಾರಿ ‘ಅಸ್ತಗ್ಫಿರುಲ್ಲಾಹ್’, ಅಂದರೆ ‘ಅಲ್ಲಾಹನಲ್ಲಿ ಕ್ಷಮೆ ಬೇಡುತ್ತೇನೆ’ ಎನ್ನುತ್ತಿದ್ದರೆಂದು ಅವರ ಸಂಗಡಿಗ ಸೌಬಾನ್ (ರ) ಅವರ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ತಿಳಿಸುತ್ತದೆ. ಬೆಂಗಳೂರಿನ ಶಿವಾಜಿನಗರ, ಸಿಟಿ ಮಾರ್ಕೆಟ್, ಗೋರಿಪಾಳ್ಯ, ಟ್ಯಾನರಿ ರಸ್ತೆ ಎಲ್ಲಿಯ ಮಸೀದಿಗೆ ಹೋದರೂ ಸಲಾಮ್ ಆದ ಮರುಗಳಿಗೆ ಸಾಲುಗಳಲ್ಲಿ ಕುಳಿತವರ ತುಟಿಗಳ ಮೇಲೆ ಇದೇ ಮಾತು ಇರುತ್ತದೆ. ಆಗಷ್ಟೇ ಮುಗಿದದ್ದು ಪಾಪಕೃತ್ಯವಲ್ಲ, ಆರಾಧನೆ. ಆದರೂ ಅದರ ಹಿಂದೆಯೇ ಕ್ಷಮೆಯ ಕೋರಿಕೆ ಬರುತ್ತದೆ. ಹಜ್‌ನಲ್ಲಿ ಅರಫಾ ಮೈದಾನದಿಂದ ಮರಳುವವರಿಗೂ ‘ಅಲ್ಲಾಹನಲ್ಲಿ ಕ್ಷಮೆ ಕೇಳಿರಿ’ ಎಂಬ ಆದೇಶವೇ ಕುರ್‌ಆನ್‌ನಲ್ಲಿದೆ (2:199). ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಪ್ರಬೋಧನೆಯ ಕೊನೆಯಲ್ಲಿ ವಿಜಯದ ಸುದ್ದಿಯೊಂದಿಗೆ ಅವತೀರ್ಣವಾದ ‘ನಸ್ರ್’ ಅಧ್ಯಾಯ ಮುಗಿಯುವುದೂ ಇದೇ ಆದೇಶದಿಂದ. ಆದ್ದರಿಂದ ಇಸ್ತಿಗ್ಫಾರ್ ದೊಡ್ಡ ತಪ್ಪು ಮಾಡಿದವರಿಗೆ ಮಾತ್ರ ಮೀಸಲಾದ ವಿಷಯವೆಂದು ತಿಳಿದು ದೂರ ಉಳಿಯಬೇಕಾದವರು ನಮ್ಮಲ್ಲಿ ಯಾರೂ ಇಲ್ಲ.

ಕ್ಷಮೆಯನ್ನು ಬೇಡುವುದು ಇಸ್ತಿಗ್ಫಾರ್. ತಪ್ಪನ್ನು ಬಿಟ್ಟು ಅಲ್ಲಾಹನತ್ತ ಮರಳುವುದು ತೌಬಾ. ಇವೆರಡೂ ಕೂಡಿದಾಗಲೇ ಕೆಲಸ ಪೂರ್ಣವಾಗುತ್ತದೆ. ನಾಲಿಗೆಯ ಮೇಲೆ ಹೇಳಬೇಕಾದ ಮಾತುಗಳನ್ನು ನಮ್ಮ ಪುಸ್ತಿಕೆಗಳು, ಪ್ರವಚನಗಳು ಸಾಕಷ್ಟು ಕಲಿಸುತ್ತವೆ. ಆದರೆ ಮರಳುವ ಭಾಗವನ್ನು, ವಿಶೇಷವಾಗಿ ಜನರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ಭಾಗವನ್ನು, ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಈ ಲೇಖನದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನಿರಾಶೆಯನ್ನು ಬದಿಗಿಡಿ

‘ಇಷ್ಟೆಲ್ಲ ಮಾಡಿದ ಮೇಲೆ ನಾನು ಯಾವ ಮುಖ ಹೊತ್ತು ಕೇಳಲಿ?’ ಎನ್ನುವವರು ಮೊದಲು ಓದಬೇಕಾದ ವಚನ ‘ಝುಮರ್’ ಅಧ್ಯಾಯದ 53ನೆಯದು: ತಮ್ಮ ಮೇಲೆಯೇ ಅತಿರೇಕ ಎಸಗಿಕೊಂಡ ದಾಸರನ್ನು ‘ನನ್ನ ದಾಸರೇ’ ಎಂದೇ ಕರೆದು, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿ, ಅವನು ಎಲ್ಲ ಪಾಪಗಳನ್ನೂ ಕ್ಷಮಿಸುತ್ತಾನೆ ಎಂದು ಅದು ಭರವಸೆ ಕೊಡುತ್ತದೆ. ಅಲ್ಲಾಹನಿಗೆ ಸಹಭಾಗಿಗಳನ್ನು ಕಲ್ಪಿಸುವ ಶಿರ್ಕ್ ಕೂಡ, ಅದರಲ್ಲೇ ಸಾಯದೆ ಬದುಕಿರುವಾಗಲೇ ತೊರೆದು ಮರಳಿದವನಿಗೆ ಕ್ಷಮಿಸಲ್ಪಡುತ್ತದೆ. ತೌಬಾದ ಬಾಗಿಲು ಮುಚ್ಚುವುದು ಎರಡು ಹೊತ್ತಿನಲ್ಲಿ ಮಾತ್ರ. ಒಂದು, ಕೊನೆಯುಸಿರು ಗಂಟಲಿಗೆ ಬಂದಾಗ. ಇನ್ನೊಂದು, ಅಂತ್ಯಕಾಲದಲ್ಲಿ ಸೂರ್ಯನು ಪಶ್ಚಿಮದಿಂದ ಉದಯಿಸಿದಾಗ. ಇವೆರಡನ್ನು ಬಿಟ್ಟರೆ ವಯಸ್ಸು, ಹುದ್ದೆ, ಹಿಂದಿನ ಚರಿತ್ರೆ ಯಾವುದೂ ಅಡ್ಡಿಯಲ್ಲ.

ಇದಕ್ಕೆ ಮಧ್ಯವರ್ತಿಯೂ ಬೇಕಿಲ್ಲ. ಇಮಾಮರ ಮುಂದೆ ಕುಳಿತು ಪಾಪ ನಿವೇದಿಸುವ ಪದ್ಧತಿ ಇಸ್ಲಾಮಿನಲ್ಲಿ ಇಲ್ಲ. ಅಷ್ಟೇ ಅಲ್ಲ, ರಾತ್ರಿ ಮಾಡಿದ ತಪ್ಪನ್ನು ಅಲ್ಲಾಹನು ಮುಚ್ಚಿಟ್ಟಿದ್ದರೂ ಬೆಳಗಾದ ಮೇಲೆ ತಾನೇ ಅದನ್ನು ಊರಿಗೆ ಸಾರುವವನನ್ನು ಪ್ರವಾದಿಯವರು (ಸ) ಕ್ಷಮೆಯಿಂದ ಹೊರಗುಳಿಯುವವರ ಸಾಲಿಗೆ ಸೇರಿಸಿದ್ದಾರೆ. ಹಳೆಯ ಪಾಪಗಳನ್ನು ಗೆಳೆಯರ ನಡುವೆ ಸಾಹಸಗಳಂತೆ ವರ್ಣಿಸುವುದೂ, ಸಾಮಾಜಿಕ ಜಾಲತಾಣದಲ್ಲಿ ‘ನಾನು ಹೀಗಿದ್ದೆ’ ಎಂದು ವಿವರವಾಗಿ ಬರೆಯುವುದೂ ಈ ಎಚ್ಚರಿಕೆಯ ವ್ಯಾಪ್ತಿಗೆ ಬರುವಂಥವು. ಧಾರ್ಮಿಕ ವಿಧಿಯನ್ನು ಕೇಳಲೇಬೇಕಾದರೆ ‘ಒಬ್ಬರು ಹೀಗೆ ಮಾಡಿದ್ದಾರೆ, ಅವರು ಈಗೇನು ಮಾಡಬೇಕು?’ ಎಂದು ಕೇಳಿದರೆ ಸಾಕು. ಉತ್ತರ ಕೊಡುವ ಧರ್ಮಪಂಡಿತರಾದ ಆಲಿಮರಿಗೆ ಆ ‘ಒಬ್ಬರು’ ಯಾರೆಂಬುದು ಗೊತ್ತಾಗಬೇಕಾದ ಅಗತ್ಯವಿಲ್ಲ.

ಮೂರು ಷರತ್ತುಗಳು, ಆಮೇಲೆ ನಾಲ್ಕನೆಯದು

ಪಾಪ ದಾಸ ಮತ್ತು ಅಲ್ಲಾಹನ ನಡುವಿನದ್ದಷ್ಟೇ ಆಗಿದ್ದರೆ ತೌಬಾಕ್ಕೆ ಮೂರು ಷರತ್ತುಗಳಿವೆಯೆಂದು ಇಮಾಮ್ ನವವೀ ಅವರಂಥ ವಿದ್ವಾಂಸರು ವಿವರಿಸಿದ್ದಾರೆ: ಆ ಪಾಪವನ್ನು ನಿಲ್ಲಿಸಬೇಕು, ಮಾಡಿದ್ದಕ್ಕೆ ಮನಸ್ಸು ನೋಯಬೇಕು, ಮತ್ತೆಂದೂ ಅತ್ತ ಹೋಗೆನೆಂದು ನಿಶ್ಚಯಿಸಬೇಕು. ಪಾಪಕ್ಕೆ ಇನ್ನೊಬ್ಬ ಮನುಷ್ಯನ ಹಕ್ಕಿನ ನಂಟಿದ್ದರೆ, ಆ ಹಕ್ಕಿನಿಂದ ಮುಕ್ತನಾಗುವುದು ನಾಲ್ಕನೆಯ ಷರತ್ತು. ಇವುಗಳಲ್ಲಿ ಒಂದು ತಪ್ಪಿದರೂ ತೌಬಾ ಅಪೂರ್ಣ.

ನಿಲ್ಲಿಸುವುದೆಂದರೆ ದಾರಿಯನ್ನೂ ಮುಚ್ಚುವುದು. ತೊಂಬತ್ತೊಂಬತ್ತು ಜನರನ್ನು ಕೊಂದ ಹಿಂದಿನ ಕಾಲದ ಒಬ್ಬನ ಕಥೆಯನ್ನು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳೆರಡೂ ದಾಖಲಿಸಿವೆ. ಅವನು ಮೊದಲು ಕೇಳಿದ ಸನ್ಯಾಸಿ ‘ನಿನಗೆ ತೌಬಾ ಇಲ್ಲ’ ಎಂದ. ಅವನನ್ನೂ ಕೊಂದು ಇವನು ನೂರು ಪೂರ್ತಿ ಮಾಡಿದ. ಆಮೇಲೆ ಕೇಳಿದ್ದು ಒಬ್ಬ ಜ್ಞಾನಿಯನ್ನು. ಆ ಜ್ಞಾನಿ ‘ನಿನಗೂ ತೌಬಾಕ್ಕೂ ನಡುವೆ ಯಾರು ಅಡ್ಡ ಬರಬಲ್ಲರು?’ ಎಂದು ಧೈರ್ಯ ಹೇಳಿ, ಅಷ್ಟಕ್ಕೇ ಬಿಡದೆ, ‘ನಿನ್ನ ಊರು ಕೆಟ್ಟ ಊರು, ಅಲ್ಲಿಗೆ ಮರಳಬೇಡ, ಅಲ್ಲಾಹನನ್ನು ಆರಾಧಿಸುವ ಜನರಿರುವ ಇಂಥ ಊರಿಗೆ ಹೋಗು’ ಎಂದು ಕಳುಹಿಸಿದ. ಅವನು ದಾರಿಯಲ್ಲೇ ತೀರಿಕೊಂಡ. ಒಳ್ಳೆಯ ಊರಿಗೆ ಒಂದು ಗೇಣಿನಷ್ಟು ಹತ್ತಿರವಾಗಿದ್ದನೆಂಬ ಲೆಕ್ಕದಲ್ಲಿ ಕರುಣೆಯ ದೇವದೂತರಾದ ಮಲಕ್‌ಗಳು ಅವನನ್ನು ಕೊಂಡೊಯ್ದರು. ಊರು ಬದಲಿಸುವ ಆ ಸಲಹೆಗೆ ನಮ್ಮ ಕಾಲದಲ್ಲಿ ಬೇರೆ ಬೇರೆ ರೂಪಗಳಿವೆ. ಆನ್‌ಲೈನ್ ಬೆಟ್ಟಿಂಗ್ ಚಟದಿಂದ ಹೊರಬರಬೇಕಾದವರು ಆ್ಯಪ್ ತೆಗೆದುಹಾಕಿ ಸುಮ್ಮನಾದರೆ ಸಾಲದು. ಖಾತೆಯನ್ನೇ ಮುಚ್ಚಬೇಕು, ಅದಕ್ಕೆ ಜೋಡಿಸಿದ ಕಾರ್ಡನ್ನು ಬೇರ್ಪಡಿಸಬೇಕು, ‘ಟಿಪ್ಸ್’ ಕೊಡುವ ಗುಂಪುಗಳಿಂದ ಹೊರಬೀಳಬೇಕು, ಸಂಬಳ ಬಂದ ದಿನವೇ ಮನೆಖರ್ಚಿನ ಹಣವನ್ನು ಹೆಂಡತಿಯ ಅಥವಾ ತಾಯಿಯ ಕೈಗೆ ಒಪ್ಪಿಸಬೇಕು. ಕೆಟ್ಟ ಸಹವಾಸ ಸಂಜೆಯ ಒಂದು ನಿರ್ದಿಷ್ಟ ಚಹಾ ಅಂಗಡಿಯಲ್ಲಿ ಸೇರುವುದಾದರೆ, ಸೂರ್ಯಾಸ್ತದ ಮಗ್ರಿಬ್ ನಮಾಝಿನಿಂದ ರಾತ್ರಿಯ ಇಶಾದವರೆಗೆ ಮಸೀದಿಯಲ್ಲೇ ಉಳಿಯುವುದು ಒಳ್ಳೆಯ ಉಪಾಯ.

ಬಿಟ್ಟುಹೋದ ಕಡ್ಡಾಯ ಕರ್ತವ್ಯಗಳೂ ಈ ಲೆಕ್ಕಕ್ಕೆ ಸೇರುತ್ತವೆ. ವರ್ಷಗಟ್ಟಲೆ ನಮಾಝ್ ಬಿಟ್ಟವರು ಅವನ್ನು ಕಝಾ ಆಗಿ (ಹೊತ್ತು ಮೀರಿದ ಮೇಲಾದರೂ ನಿರ್ವಹಿಸಿ) ತೀರಿಸಬೇಕೆಂಬುದು ನಾಲ್ಕೂ ಕರ್ಮಶಾಸ್ತ್ರ ಪಂಥಗಳ, ಅಂದರೆ ಮಝ್‌ಹಬ್‌ಗಳ ಬಹುಪಾಲು ವಿದ್ವಾಂಸರ ನಿಲುವು. ಪ್ರತಿ ಫರ್ಝ್‌ನ ಜೊತೆ ಅದೇ ಹೊತ್ತಿನ ಒಂದು ಹಳೆಯ ಫರ್ಝ್ ತೀರಿಸುತ್ತ ಬಂದರೆ ಭಾರ ಕ್ರಮೇಣ ಇಳಿಯುತ್ತದೆ. ಕೊಡದೆ ಉಳಿದ ಝಕಾತ್ (ಕಡ್ಡಾಯ ದಾನ) ಎಷ್ಟೇ ಹಳೆಯದಾದರೂ ಸಾಲವೇ. ಮುರಿದ ಪ್ರಮಾಣಕ್ಕೆ ಕುರ್‌ಆನ್ ನಿಗದಿಪಡಿಸಿದ ಪ್ರಾಯಶ್ಚಿತ್ತವಿದೆ: ಹತ್ತು ಬಡವರಿಗೆ ಊಟ ಅಥವಾ ಬಟ್ಟೆ ಕೊಡುವುದು ಇಲ್ಲವೇ ಗುಲಾಮನನ್ನು ಬಿಡುಗಡೆ ಮಾಡುವುದು, ಇದಾವುದೂ ಸಾಧ್ಯವಾಗದವನಿಗೆ ಮೂರು ದಿನದ ಉಪವಾಸ (5:89).

ಜನರ ಹಕ್ಕು: ಪುಸ್ತಕ ತೆಗೆದು ಬರೆಯಿರಿ

ಪ್ರವಾದಿಯವರು (ಸ) ಒಮ್ಮೆ ತಮ್ಮ ಸಂಗಡಿಗರಾದ ಸಹಾಬಿಗಳನ್ನು ‘ದಿವಾಳಿಯಾದವನು ಯಾರು?’ ಎಂದು ಕೇಳಿದರು. ಹಣ, ಸಾಮಗ್ರಿ ಇಲ್ಲದವನು ಎಂದು ಅವರು ಉತ್ತರಿಸಿದರು. ‘ನನ್ನ ಸಮುದಾಯದ ದಿವಾಳಿಕೋರ, ಅಂತ್ಯದಿನದಂದು ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬರುವವನು. ಆದರೆ ಒಬ್ಬನನ್ನು ಬೈದಿರುತ್ತಾನೆ, ಇನ್ನೊಬ್ಬನ ಮೇಲೆ ಅಪವಾದ ಹೊರಿಸಿರುತ್ತಾನೆ, ಮತ್ತೊಬ್ಬನ ಸ್ವತ್ತು ತಿಂದಿರುತ್ತಾನೆ, ರಕ್ತ ಹರಿಸಿರುತ್ತಾನೆ, ಹೊಡೆದಿರುತ್ತಾನೆ’ ಎಂದು ಪ್ರವಾದಿಯವರು (ಸ) ತಿದ್ದಿದರು. ಅವನ ಪುಣ್ಯಗಳನ್ನು ಅನ್ಯಾಯಕ್ಕೊಳಗಾದವರಿಗೆ ಹಂಚಲಾಗುತ್ತದೆ. ಪುಣ್ಯ ಮುಗಿದು ಲೆಕ್ಕ ಬಾಕಿ ಉಳಿದರೆ ಅವರ ಪಾಪಗಳನ್ನು ಅವನ ಮೇಲೆ ಹೇರಿ ಅವನನ್ನು ನರಕಕ್ಕೆ ಎಸೆಯಲಾಗುತ್ತದೆ. ತಸ್ಬೀಹ್ ಮಣಿ ಎಣಿಸುವ ಪ್ರತಿಯೊಬ್ಬರೂ ಈ ಹದೀಸನ್ನು ಎದುರಿಗಿಟ್ಟುಕೊಳ್ಳಬೇಕೆಂದು ನನಗನ್ನಿಸುತ್ತದೆ.

ಒಂದು ಸಂಜೆ ಬಿಡುವು ಮಾಡಿಕೊಂಡು ಒಂದು ನೋಟ್‌ಪುಸ್ತಕ ತೆಗೆಯಿರಿ. ಯಾರಿಗೆ, ಏನು, ಎಷ್ಟು, ಅವರನ್ನು ತಲಪುವ ದಾರಿ ಯಾವುದು ಎಂದು ನೆನಪಿದ್ದಷ್ಟನ್ನು ಬರೆಯುತ್ತ ಹೋಗಿ. ಸಾಲವೆಂದು ಪಡೆದು ಮರೆತ ಹಣ, ಅಂಗಡಿಯಲ್ಲಿ ದುಡಿದ ಹುಡುಗನ ಕೊನೆಯ ತಿಂಗಳ ಸಂಬಳ, ಹೊಲಿಗೆಗೆ ಒಪ್ಪಿಸಿ ಪೂರ್ತಿ ಕೊಡದೆ ಉಳಿಸಿಕೊಂಡ ಕೂಲಿ, ಚೀಟಿ ಎತ್ತಿಕೊಂಡ ಮೇಲೆ ಕಟ್ಟದೆ ಬಿಟ್ಟ ಕಂತುಗಳು, ದೋಷ ಮುಚ್ಚಿಟ್ಟು ಮಾರಿದ ಗಾಡಿ, ಎಲ್ಲವೂ ಅಲ್ಲಿ ಬರಲಿ. ಹಕ್ಕುದಾರ ಮುಸ್ಲಿಮನೇ ಹಿಂದೂವೇ ಕ್ರೈಸ್ತನೇ ಎಂಬ ಭೇದ ಈ ಪುಟದಲ್ಲಿ ಇಲ್ಲ, ಹಕ್ಕು ಹಕ್ಕೇ.

ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಅಡ್ವಾನ್ಸ್ ಇಂಥ ಲೆಕ್ಕಗಳಲ್ಲಿ ಮುಖ್ಯವಾದದ್ದು. ಬಾಡಿಗೆದಾರರು ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಕರಾರಿನಲ್ಲಿದ್ದರೆ ಸರಿ. ಆದರೆ ಅವರು ಬರುವ ಮುನ್ನವೇ ಸಡಿಲವಾಗಿದ್ದ ನಲ್ಲಿ, ಸುಟ್ಟಿದ್ದ ಸ್ವಿಚ್ ಬೋರ್ಡು, ಮೇಲಿನ ಮಹಡಿಯ ಸೋರಿಕೆಯಿಂದ ಆದ ಗೋಡೆಯ ಕಲೆ ಇವಕ್ಕೆಲ್ಲ ಒಂದೊಂದು ಮೊತ್ತ ಬರೆದು, ‘ಬಂದಷ್ಟು ಬರಲಿ’ ಎಂದು ಅವರು ಸೋತು ಹೊರಡುವಂತೆ ಮಾಡಿದ ಮಾಲೀಕರು ಆ ಹಣವನ್ನು ಹಿಂದಿರುಗಿಸಬೇಕಾದವರು. ಹಾಗೆಯೇ ಕೊನೆಯ ತಿಂಗಳ ಕರೆಂಟ್ ಬಿಲ್ ಕಟ್ಟದೆ ಕೀಲಿ ಕೊಟ್ಟು ಹೋದ ಬಾಡಿಗೆದಾರರೂ.

ಇದಕ್ಕಿಂತ ದೊಡ್ಡದು ಸಹೋದರಿಯರ ಪಾಲು. ತಂದೆ ಬಿಟ್ಟುಹೋದ 30×40 ಸೈಟಿನ ಮೇಲೆ ಎದ್ದ ಮನೆಯಲ್ಲಿ ಅಣ್ಣತಮ್ಮಂದಿರು ಒಂದೊಂದು ಮಹಡಿ ಹಂಚಿಕೊಂಡು, ಕೆಳಗಿನ ಎರಡು ಅಂಗಡಿಗಳ ಬಾಡಿಗೆಯನ್ನು ತಾವೇ ಪಡೆಯುತ್ತ, ಅಕ್ಕತಂಗಿಯರಿಗೆ ಈದ್ ದಿನ ಸೀರೆ ಕೊಟ್ಟು ಕೈತೊಳೆದುಕೊಳ್ಳುವುದು ನಮ್ಮ ಬಡಾವಣೆಗಳಲ್ಲಿ ಅಪರೂಪವಲ್ಲ. ಮಗನ ಪಾಲಿನ ಅರ್ಧದಷ್ಟು ಮಗಳಿಗೆ ಎಂದು ಕುರ್‌ಆನ್ ಸ್ಪಷ್ಟವಾಗಿ ನಿಗದಿ ಮಾಡಿದೆ (4:11). ಅದನ್ನು ಅಲ್ಲಾಹನೇ ವಿಧಿಸಿದ ಕಡ್ಡಾಯವೆಂದು ಅದೇ ವಚನ ಕರೆದಿದೆ. ‘ಅವಳೇ ಬೇಡ ಎಂದಳು’ ಎಂಬ ಉತ್ತರ ಸಾಮಾನ್ಯವಾಗಿ ಕೇಳಿಬರುತ್ತದೆ. ತವರಿನ ಬಾಗಿಲು ಮುಚ್ಚಿಹೋದೀತೆಂಬ ಭಯದಿಂದ, ನಾಲ್ಕು ಜನರ ಮುಂದೆ ಕಾಗದ ಚಾಚಿದಾಗ ಹಾಕಿದ ಸಹಿ ಮನಃಪೂರ್ವಕ ಸಮ್ಮತಿಯಾಗುವುದಿಲ್ಲ. ಪಾಲನ್ನು ಲೆಕ್ಕ ಹಾಕಿ ಅವಳ ಕೈಗೆ ಅಥವಾ ಖಾತೆಗೆ ಮೊದಲು ಒಪ್ಪಿಸಿ. ಆಮೇಲೆ ಅವಳು ಯಾವ ಒತ್ತಾಯವೂ ಇಲ್ಲದೆ ಹಿಂದಿರುಗಿಸಿದರೆ ಅದು ಅವಳ ಉಡುಗೊರೆ. ಇಷ್ಟು ವರ್ಷ ಪಡೆದ ಬಾಡಿಗೆಯಲ್ಲೂ ಅವಳಿಗೆ ಪಾಲಿದೆ ಎಂಬುದನ್ನು ಮರೆಯಬೇಡಿ. ಈ ಒಂದು ಕೆಲಸ ಬಾಕಿಯಿರುವಾಗ ರಮಝಾನಿನ ರಾತ್ರಿಗಳಲ್ಲಿ ಎಷ್ಟು ಅತ್ತರೂ ನಾಲ್ಕನೆಯ ಷರತ್ತು ಈಡೇರಿರುವುದಿಲ್ಲ.

ಹಿಂದಿರುಗಿಸುವ ವಿಧಾನದಲ್ಲಿ ಕೆಲವು ಸೂಕ್ಷ್ಮಗಳಿವೆ. ಹಕ್ಕುದಾರ ತೀರಿಕೊಂಡಿದ್ದರೆ ಅದು ಅವನ ವಾರಸುದಾರರಿಗೆ ಸೇರುತ್ತದೆ. ಕದ್ದದ್ದನ್ನು ಹಿಂದಿರುಗಿಸುವಾಗ ಹೆಸರು ಹೇಳಿಕೊಳ್ಳಲೇಬೇಕೆಂದಿಲ್ಲ, ಸ್ವತ್ತು ಮಾಲೀಕನಿಗೆ ತಲಪಿದರೆ ಸಾಕು. ಆದರೆ ಯುಪಿಐ ಮೂಲಕ ಕಳುಹಿಸಿದರೆ ನಿಮ್ಮ ಹೆಸರು ಅಲ್ಲಿ ಕಾಣುತ್ತದೆ, ಆದ್ದರಿಂದ ನಂಬಿಕಸ್ಥರ ಮೂಲಕ ಲಕೋಟೆಯಲ್ಲಿ ತಲಪಿಸುವುದು ಸೂಕ್ತ. ಎಷ್ಟು ಹುಡುಕಿದರೂ ಸಿಗದ ವ್ಯಕ್ತಿಯ, ಉದಾಹರಣೆಗೆ ಹೆಚ್ಚುವರಿ ನೋಟು ಕೊಟ್ಟು ಹೋದ ಗಿರಾಕಿಯ ಅಥವಾ ಬಾಡಿಗೆ ಕೊಡದೆ ಇಳಿದುಹೋದ ಆಟೋದ ಚಾಲಕನ ಪರವಾಗಿ ಅಷ್ಟೇ ಮೊತ್ತವನ್ನು ದಾನ ಮಾಡಬೇಕು. ಮುಂದೆಂದಾದರೂ ಅವರು ಸಿಕ್ಕಿ ಆ ದಾನವನ್ನು ಒಪ್ಪದಿದ್ದರೆ ಹಣವನ್ನು ಕೊಡಬೇಕಾಗುತ್ತದೆ. ಟಿಕೆಟ್ ಇಲ್ಲದೆ ಬಸ್ಸಿನಲ್ಲಿ ಪ್ರಯಾಣಿಸಿದವರು ಅಷ್ಟು ಮೊತ್ತದ ಟಿಕೆಟ್ ಕೊಂಡು ಬಳಸದೆ ಬಿಟ್ಟರೆ ಹಣ ಸೇರಬೇಕಾದ ಕಡೆ ಸೇರುತ್ತದೆ. ಸಾಲ ತೀರಿಸಲು ಈಗ ಕೈಯಲ್ಲಿ ಹಣವೇ ಇಲ್ಲದವರು ಹೋಗಿ ಅವಧಿ ಕೇಳಬೇಕು, ಕಂತು ಗೊತ್ತುಮಾಡಿಕೊಳ್ಳಬೇಕು, ತಪ್ಪಿಸಿಕೊಂಡು ತಿರುಗಬಾರದು.

ಗೀಬತ್, ಅಂದರೆ ಬೆನ್ನ ಹಿಂದೆ ಆಡಿದ ಮಾತು, ಹಣಕ್ಕಿಂತ ಕಷ್ಟದ ಲೆಕ್ಕ. ಆ ವ್ಯಕ್ತಿಗೆ ವಿಷಯ ಈಗಾಗಲೇ ಮುಟ್ಟಿ ನೋವಾಗಿದ್ದರೆ ಹೋಗಿ ಕ್ಷಮೆ ಕೇಳಬೇಕು. ಮುಟ್ಟಿಲ್ಲದಿದ್ದರೆ ಏನು ಮಾಡಬೇಕೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಹೇಳಿಬಿಟ್ಟರೆ ಹೊಸ ವೈಮನಸ್ಯ ಹುಟ್ಟುವುದಾದರೆ ಹೇಳದೆ, ಅವರಿಗಾಗಿ ಪ್ರಾರ್ಥಿಸಿ, ಯಾವ ಕೂಟದಲ್ಲಿ ಕೆಟ್ಟದಾಡಿದ್ದೆವೋ ಅದೇ ಕೂಟದಲ್ಲಿ ಅವರ ಒಳ್ಳೆಯದನ್ನು ಹೇಳಬೇಕೆಂಬ ಅಭಿಪ್ರಾಯ ನನಗೆ ಹೆಚ್ಚು ವಿವೇಕದ್ದಾಗಿ ತೋರುತ್ತದೆ. ಸುಳ್ಳು ಸುದ್ದಿಯನ್ನು ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಹಾಕಿದ್ದರೆ ಮಾತ್ರ ಮೌನವಾಗಿ ಅಳಿಸಿದರೆ ಸಾಲದು. ‘ನಾನು ಹಾಕಿದ್ದು ತಪ್ಪು ಸುದ್ದಿ, ಯಾರೂ ನಂಬಬೇಡಿ’ ಎಂದು ಅದೇ ಗುಂಪಿನಲ್ಲಿ ಬರೆಯುವುದು ಅವಶ್ಯ, ಏಕೆಂದರೆ ಹೋದ ಮಾನ ಅಲ್ಲೇ ಮರಳಬೇಕು.

ವುಝೂ, ಎರಡು ರಕಅತ್, ನಂತರ ದುಆ

ಪಾಪ ಮಾಡಿದ ಯಾವ ದಾಸನೂ ಚೆನ್ನಾಗಿ ವುಝೂ (ಅಂಗಶುದ್ಧಿ) ಮಾಡಿ, ಎದ್ದು ಎರಡು ರಕಅತ್ (ಆವರ್ತ) ನಮಾಝ್ ನಿರ್ವಹಿಸಿ, ಅಲ್ಲಾಹನಲ್ಲಿ ಕ್ಷಮೆ ಕೇಳಿದರೆ ಅಲ್ಲಾಹನು ಅವನನ್ನು ಕ್ಷಮಿಸದೆ ಇರುವುದಿಲ್ಲ ಎಂದು ಪ್ರವಾದಿಯವರು (ಸ) ಹೇಳಿದ್ದನ್ನು ಅಬೂಬಕರ್ (ರ) ವರದಿ ಮಾಡಿದ್ದಾರೆ. ಇದನ್ನೇ ತೌಬಾದ ನಮಾಝ್ ಎನ್ನುತ್ತಾರೆ. ಇದಕ್ಕೆ ಪ್ರತ್ಯೇಕ ಸೂರಾಗಳು (ಕುರ್‌ಆನ್ ಅಧ್ಯಾಯಗಳು) ಇಲ್ಲ. ಸಾಮಾನ್ಯ ಐಚ್ಛಿಕ ನಮಾಝಿನಂತೆಯೇ ನಿರ್ವಹಿಸಿ, ಸಜ್ದಾದಲ್ಲಿ (ಸಾಷ್ಟಾಂಗದಲ್ಲಿ) ಹೆಚ್ಚು ಹೊತ್ತು ಉಳಿಯಿರಿ. ಸೂರ್ಯ ಉದಯಿಸುವ, ನೆತ್ತಿಯ ಮೇಲಿರುವ, ಮುಳುಗುವ ಹೊತ್ತುಗಳಲ್ಲಿ ಐಚ್ಛಿಕ ನಮಾಝ್ ಸಲ್ಲದು. ಆಗ ಬಾಯಿಮಾತಿನ ಇಸ್ತಿಗ್ಫಾರ್‌ನಲ್ಲಿ ತೊಡಗಬಹುದು.

ನಮಾಝಿನ ಒಳಗೆ ಅರಬಿ ದುಆಗಳಿಗೇ (ಪ್ರಾರ್ಥನೆಗಳಿಗೇ) ಸೀಮಿತವಾಗಿರುವುದು ಕ್ಷೇಮ. ಸಲಾಮ್ ಆದ ಮೇಲೆ ಕನ್ನಡ, ಉರ್ದು, ಬ್ಯಾರಿ, ಯಾವ ಭಾಷೆಯಲ್ಲಿ ಮನಸ್ಸು ಬಿಚ್ಚಿಕೊಳ್ಳುತ್ತದೋ ಆ ಭಾಷೆಯಲ್ಲೇ ಬೇಡಿರಿ. ಪಾಪವನ್ನು ಅದರ ಹೆಸರಿನಿಂದಲೇ ಹೇಳಿರಿ. ‘ಎಲ್ಲ ತಪ್ಪುಗಳನ್ನೂ ಕ್ಷಮಿಸು’ ಎಂದು ಒಟ್ಟಾರೆ ಕೇಳುವುದಕ್ಕಿಂತ ‘ಇಂಥವರ ಹಣವನ್ನು ಕೊಡದೆ ಸತಾಯಿಸಿದ್ದೇನೆ’ ಎಂದು ಒಪ್ಪಿಕೊಳ್ಳುವಾಗ ಪಶ್ಚಾತ್ತಾಪ ಆಳಕ್ಕಿಳಿಯುತ್ತದೆ.

ಮುಟ್ಟಿನ ದಿನಗಳಲ್ಲಿರುವ ಮಹಿಳೆಯರಿಗೆ ನಮಾಝ್ ಇಲ್ಲ, ಆದರೆ ಇಸ್ತಿಗ್ಫಾರ್‌ಗೆ ಯಾವ ತಡೆಯೂ ಇಲ್ಲ. ವುಝೂ ಇಲ್ಲದವರೂ, ಮೆಟ್ರೋದಲ್ಲಿ ನಿಂತವರೂ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಲುಕಿದವರೂ, ಅಡುಗೆಮನೆಯಲ್ಲಿ ಕೈ ಕೆಲಸದಲ್ಲಿರುವವರೂ ಅದನ್ನು ಹೇಳಬಹುದು.

ಯಾವ ಮಾತುಗಳಲ್ಲಿ?

‘ಅಸ್ತಗ್ಫಿರುಲ್ಲಾಹ್’ ಎಂಬ ಒಂದೇ ಮಾತಿನಿಂದ ತೊಡಗಬಹುದು. ಅದಕ್ಕಿಂತ ತುಸು ದೊಡ್ಡದು: ‘ರಬ್ಬಿಗ್ಫಿರ್ ಲೀ ವ ತುಬ್ ಅಲಯ್ಯ, ಇನ್ನಕ ಅಂತತ್ತವ್ವಾಬುರ್ರಹೀಮ್’, ಅಂದರೆ ‘ನನ್ನ ಪ್ರಭೂ, ನನ್ನನ್ನು ಕ್ಷಮಿಸು, ನನ್ನ ತೌಬಾ ಸ್ವೀಕರಿಸು, ನೀನೇ ತೌಬಾ ಸ್ವೀಕರಿಸುವವನು, ಕರುಣಾಳು.’ ಪ್ರವಾದಿಯವರು (ಸ) ಒಂದೇ ಬೈಠಕ್‌ನಲ್ಲಿ ಇದನ್ನು ನೂರು ಬಾರಿ ಹೇಳುವುದನ್ನು ತಾವು ಎಣಿಸುತ್ತಿದ್ದೆವೆಂದು ಇಬ್ನು ಉಮರ್ (ರ) ಹೇಳಿದ್ದಾರೆ. ಪ್ರವಾದಿಗಳ ಪ್ರಾರ್ಥನೆಗಳು ಕುರ್‌ಆನ್‌ನಲ್ಲೇ ಇವೆ: ‘ನಮ್ಮ ಪ್ರಭೂ, ನಾವು ನಮ್ಮ ಮೇಲೆಯೇ ಅನ್ಯಾಯ ಎಸಗಿಕೊಂಡೆವು’ ಎಂದು ಆದಮ್ ಮತ್ತು ಹವ್ವಾ (7:23), ಮೀನಿನ ಹೊಟ್ಟೆಯ ಕತ್ತಲೆಯಿಂದ ‘ಲಾ ಇಲಾಹ ಇಲ್ಲಾ ಅಂತ ಸುಬ್‌ಹಾನಕ ಇನ್ನೀ ಕುಂತು ಮಿನಝ್ಝಾಲಿಮೀನ್’ (ನಿನ್ನ ಹೊರತು ಆರಾಧ್ಯರಿಲ್ಲ, ನೀನು ಪರಮ ಪಾವನ, ನಾನು ಅಕ್ರಮಿಗಳಲ್ಲಿ ಒಬ್ಬನಾಗಿದ್ದೆ) ಎಂದು ಯೂನುಸ್ (ಅ) (21:87).

ಇವೆಲ್ಲವುಗಳಲ್ಲಿ ಕಂಠಪಾಠ ಮಾಡಲೇಬೇಕಾದದ್ದು ‘ಸಯ್ಯಿದುಲ್ ಇಸ್ತಿಗ್ಫಾರ್’ (ಕ್ಷಮಾಯಾಚನೆಗಳ ನಾಯಕ) ಎಂದು ಪ್ರವಾದಿಯವರೇ (ಸ) ಹೆಸರಿಸಿದ ದುಆ:

‘ಅಲ್ಲಾಹುಮ್ಮ ಅಂತ ರಬ್ಬೀ, ಲಾ ಇಲಾಹ ಇಲ್ಲಾ ಅಂತ, ಖಲಕ್ತನೀ ವ ಅನ ಅಬ್ದುಕ, ವ ಅನ ಅಲಾ ಅಹ್ದಿಕ ವ ವಅ್‌ದಿಕ ಮಸ್ತತಅ್‌ತು, ಅಊದು ಬಿಕ ಮಿನ್ ಶರ್ರಿ ಮಾ ಸನಅ್‌ತು, ಅಬೂಉ ಲಕ ಬಿನಿಅ್‌ಮತಿಕ ಅಲಯ್ಯ, ವ ಅಬೂಉ ಬಿದಂಬೀ, ಫಗ್ಫಿರ್ ಲೀ, ಫಇನ್ನಹೂ ಲಾ ಯಗ್ಫಿರುದ್ದುನೂಬ ಇಲ್ಲಾ ಅಂತ.’

‘ಓ ಅಲ್ಲಾಹ್, ನೀನೇ ನನ್ನ ಪ್ರಭು, ನಿನ್ನ ಹೊರತು ಆರಾಧ್ಯರಿಲ್ಲ. ನನ್ನನ್ನು ಸೃಷ್ಟಿಸಿದವನು ನೀನು, ನಾನು ನಿನ್ನ ದಾಸ. ನಿನಗೆ ಕೊಟ್ಟ ಮಾತಿಗೂ ನಿನ್ನ ವಾಗ್ದಾನಕ್ಕೂ ನನ್ನಿಂದಾದಷ್ಟು ಬದ್ಧನಾಗಿದ್ದೇನೆ. ನಾನು ಮಾಡಿದ್ದರ ಕೆಡುಕಿನಿಂದ ನಿನ್ನ ಆಶ್ರಯ ಬೇಡುತ್ತೇನೆ. ನೀನಿತ್ತ ಅನುಗ್ರಹವನ್ನು ಒಪ್ಪಿಕೊಳ್ಳುತ್ತೇನೆ, ನನ್ನ ಪಾಪವನ್ನೂ ಒಪ್ಪಿಕೊಳ್ಳುತ್ತೇನೆ. ನನ್ನನ್ನು ಕ್ಷಮಿಸು, ಪಾಪಗಳನ್ನು ಕ್ಷಮಿಸುವವನು ನಿನ್ನ ಹೊರತು ಯಾರೂ ಇಲ್ಲ.’

ಇದನ್ನು ದೃಢ ನಂಬಿಕೆಯಿಂದ ಹಗಲಿನಲ್ಲಿ ಹೇಳಿ ಸಂಜೆಯಾಗುವ ಮುನ್ನ ಮೃತನಾದವನೂ, ರಾತ್ರಿಯಲ್ಲಿ ಹೇಳಿ ಬೆಳಗಾಗುವ ಮುನ್ನ ಮೃತನಾದವನೂ ಸ್ವರ್ಗದವನೆಂದು ಬುಖಾರಿಯಲ್ಲಿ ಶದ್ದಾದ್ ಬಿನ್ ಔಸ್ (ರ) ಅವರ ವರದಿಯಿದೆ. ಅರಬಿ ಓದು ಗೊತ್ತಿರುವವರು ಮೂಲ ಲಿಪಿಯಿಂದಲೇ ಕಲಿಯಬೇಕು. ಕನ್ನಡ ಅಕ್ಷರಗಳಿಂದ ಕಲಿಯುವವರು ಒಮ್ಮೆ ಮದರಸಾದ ಉಸ್ತಾದರ ಮುಂದೆ ಓದಿ ಉಚ್ಚಾರಣೆ ತಿದ್ದಿಸಿಕೊಳ್ಳಬೇಕು. ದಿನಕ್ಕೊಂದು ವಾಕ್ಯದಂತೆ, ಅರ್ಥದೊಂದಿಗೆ ಕಲಿತರೆ ಮಕ್ಕಳಿಗೂ ಇದು ಬೇಗ ಒಲಿಯುತ್ತದೆ.

ಹೊತ್ತು

ದಿನದಲ್ಲಿ ಎಪ್ಪತ್ತಕ್ಕಿಂತ ಹೆಚ್ಚು ಬಾರಿ ಕ್ಷಮೆ ಕೇಳುತ್ತೇನೆಂದು ಪ್ರವಾದಿಯವರು (ಸ) ಹೇಳಿದ್ದು ಬುಖಾರಿಯಲ್ಲಿದೆ, ನೂರು ಬಾರಿ ಎಂಬುದು ಮುಸ್ಲಿಮ್‌ನಲ್ಲಿದೆ. ಐದು ಫರ್ಝ್‌ಗಳ ನಂತರ ಮೂರು ಮೂರು ಬಾರಿ, ಬೆಳಗ್ಗೆ ಮತ್ತು ಸಂಜೆ ಸಯ್ಯಿದುಲ್ ಇಸ್ತಿಗ್ಫಾರ್, ಕಚೇರಿಗೆ ಹೋಗುವ ದಾರಿಯಲ್ಲಿ ಉಳಿದದ್ದು, ಹೀಗೆ ಹಂಚಿಕೊಂಡರೆ ನೂರು ದೊಡ್ಡ ಸಂಖ್ಯೆಯಲ್ಲ. ಹರಟೆಯ ಕೂಟದಿಂದ ಏಳುವಾಗ ‘ಸುಬ್‌ಹಾನಕಲ್ಲಾಹುಮ್ಮ ವ ಬಿಹಮ್ದಿಕ, ಅಶ್‌ಹದು ಅನ್ ಲಾ ಇಲಾಹ ಇಲ್ಲಾ ಅಂತ, ಅಸ್ತಗ್ಫಿರುಕ ವ ಅತೂಬು ಇಲೈಕ್’ (ಓ ಅಲ್ಲಾಹ್, ನೀನು ಪರಮ ಪಾವನ, ಸ್ತುತಿ ನಿನಗೆ, ನಿನ್ನ ಹೊರತು ಆರಾಧ್ಯರಿಲ್ಲವೆಂದು ಸಾಕ್ಷಿ ಹೇಳುತ್ತೇನೆ, ನಿನ್ನಲ್ಲಿ ಕ್ಷಮೆ ಬೇಡಿ ನಿನ್ನತ್ತ ಮರಳುತ್ತೇನೆ) ಎಂದು ಹೇಳುವುದು ಆ ಕೂಟದಲ್ಲಾದ ತಪ್ಪುಗಳಿಗೆ ಪ್ರಾಯಶ್ಚಿತ್ತ.

ಅತ್ಯುತ್ತಮ ಹೊತ್ತು ರಾತ್ರಿಯ ಕೊನೆಯ ಮೂರನೇ ಒಂದು ಭಾಗ. ಆಗ ‘ನನ್ನಲ್ಲಿ ಕ್ಷಮೆ ಕೇಳುವವರು ಯಾರಿದ್ದಾರೆ, ನಾನು ಕ್ಷಮಿಸುವೆ’ ಎಂಬ ಕರೆ ಅಲ್ಲಾಹನಿಂದಲೇ ಬರುತ್ತದೆಂದು ಹದೀಸ್ ಹೇಳುತ್ತದೆ. ಕುರ್‌ಆನ್ ಕೂಡ ಬೆಳಗಿನ ಜಾವಗಳಲ್ಲಿ ಕ್ಷಮೆ ಬೇಡುವವರನ್ನು ಎರಡು ಕಡೆ ಹೊಗಳಿದೆ (3:17, 51:18). ಲೆಕ್ಕ ಸರಳ. ಮಗ್ರಿಬ್ 6.30ಕ್ಕೆ, ಬೆಳಗಿನ ನಮಾಝ್ ಫಜ್ರ್ 5.00ಕ್ಕೆ ಆಗುವ ದಿನ ರಾತ್ರಿಯ ಅವಧಿ ಹತ್ತೂವರೆ ಗಂಟೆ, ಅದರ ಮೂರನೇ ಒಂದು ಮೂರೂವರೆ ಗಂಟೆ. ಹಾಗಾಗಿ ಕೊನೆಯ ಭಾಗ 1.30ಕ್ಕೆ ತೊಡಗುತ್ತದೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಿಂದ ರಾತ್ರಿ ಪಾಳಿ ಮುಗಿಸಿ ಕ್ಯಾಬ್‌ನಲ್ಲಿ ಮರಳುವವರು, ಮಾರ್ಕೆಟ್‌ಗೆ ನಸುಕಿನಲ್ಲಿ ಸರಕು ಇಳಿಸುವವರು ಈ ಹೊತ್ತಿನಲ್ಲಿ ಹೇಗೂ ಎಚ್ಚರವಿರುತ್ತಾರೆ. ಉಳಿದವರು ಫಜ್ರ್ ಅಝಾನ್‌ಗಿಂತ ಹದಿನೈದು ನಿಮಿಷ ಮುಂಚೆ ಅಲಾರಂ ಇಟ್ಟರೂ ಸಾಕು. ರಮಝಾನಿನಲ್ಲಿ ಸಹರಿಗೆ ಏಳುವ ಮನೆಗಳು ತಟ್ಟೆಗಳ ನಡುವೆ ಈ ಹೊತ್ತನ್ನು ಕಳೆದುಕೊಳ್ಳಬಾರದು. ರಮಝಾನಿನ ಮಹಿಮೆಯ ರಾತ್ರಿಯಾದ ಲೈಲತುಲ್ ಕದ್ರ್ ಸಿಕ್ಕರೆ ಏನು ಹೇಳಲಿ ಎಂದು ಕೇಳಿದ ಆಯಿಶಾ (ರ) ಅವರಿಗೆ ಪ್ರವಾದಿಯವರು (ಸ) ಕಲಿಸಿದ್ದೂ ಕ್ಷಮೆಯ ದುಆವನ್ನೇ: ‘ಅಲ್ಲಾಹುಮ್ಮ ಇನ್ನಕ ಅಫುವ್ವುನ್ ತುಹಿಬ್ಬುಲ್ ಅಫ್ವ ಫಅ್‌ಫು ಅನ್ನೀ’ (ಓ ಅಲ್ಲಾಹ್, ನೀನು ಮನ್ನಿಸುವವನು, ಮನ್ನಿಸುವುದನ್ನು ಮೆಚ್ಚುವವನು, ನನ್ನನ್ನು ಮನ್ನಿಸು).

ಮತ್ತೆ ಜಾರಿದರೆ

ನಿಶ್ಚಯ ಪ್ರಾಮಾಣಿಕವಾಗಿದ್ದೂ ಮನುಷ್ಯ ಮತ್ತೆ ಜಾರಬಹುದು. ಆಗ ಹಿಂದಿನ ತೌಬಾ ಸುಳ್ಳಾಯಿತೆಂದು ಕೈಚೆಲ್ಲುವುದೇ ಸೈತಾನನಿಗೆ ಬೇಕಾದದ್ದು. ಪಾಪ ಮಾಡಿ ‘ಪ್ರಭೂ, ಕ್ಷಮಿಸು’ ಎಂದ ದಾಸನೊಬ್ಬ ಮತ್ತೆ ಮತ್ತೆ ಜಾರಿ ಮತ್ತೆ ಮತ್ತೆ ಮರಳಿದಾಗ, ‘ಪಾಪವನ್ನು ಕ್ಷಮಿಸುವ ಮತ್ತು ಪಾಪಕ್ಕೆ ಹಿಡಿಯುವ ಪ್ರಭುವೊಬ್ಬನಿದ್ದಾನೆಂದು ನನ್ನ ದಾಸ ಬಲ್ಲ’ ಎಂದು ಅಲ್ಲಾಹನು ಪ್ರತಿಸಲವೂ ಕ್ಷಮಿಸಿದನೆಂಬ ಹದೀಸ್ ಕುದ್ಸಿ (ಅಲ್ಲಾಹನ ಮಾತನ್ನು ಪ್ರವಾದಿಯವರು ತಿಳಿಸುವ ಹದೀಸ್) ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಇದು ಪಾಪಕ್ಕೆ ಪರವಾನಗಿಯಲ್ಲ. ‘ಈಗ ಮಾಡಿ ಆಮೇಲೆ ಕೇಳಿಕೊಂಡರಾಯಿತು’ ಎಂದು ಮೊದಲೇ ಯೋಜಿಸುವವನಲ್ಲಿ ನಿಶ್ಚಯವೇ ಇರುವುದಿಲ್ಲ. ಮಾಡಿದ ತಪ್ಪಿನಲ್ಲಿ ತಿಳಿದೂ ತಿಳಿದೂ ಮುಂದುವರಿಯದವರನ್ನೇ ಕುರ್‌ಆನ್ ಪ್ರಶಂಸಿಸುವುದು (3:135).

ಜಾರಿದ ದಿನವೇ ಒಂದು ಸತ್ಕರ್ಮವನ್ನು ಸೇರಿಸಿ, ಏಕೆಂದರೆ ಒಳಿತುಗಳು ಕೆಡುಕುಗಳನ್ನು ಅಳಿಸುತ್ತವೆ (11:114). ಮಸೀದಿಯ ಡಬ್ಬಿಗೆ ಹಾಕುವ ಹಣವಾಗಲಿ, ಬೌರಿಂಗ್ ಅಥವಾ ವಿಕ್ಟೋರಿಯಾ ಆಸ್ಪತ್ರೆಯ ಮುಂದೆ ರೋಗಿಯ ಕಡೆಯವರಿಗೆ ಕೊಡಿಸುವ ಊಟವಾಗಲಿ, ಜಾರಿದ್ದಕ್ಕೆ ಕಾರಣವಾದದ್ದು ಯಾವುದೆಂದು ಆ ರಾತ್ರಿಯೇ ಗುರುತಿಸಿ ಅದನ್ನು ದೂರ ಮಾಡುವುದರ ಜೊತೆಗೆ ಇರಲಿ.

ಫಲಗಳು

ಮೊದಲ ಫಲ ಕ್ಷಮೆಯೇ. ಪ್ರಾಮಾಣಿಕವಾಗಿ ಮರಳಿ ಸತ್ಕರ್ಮ ಮಾಡಿದವರ ಕೆಡುಕುಗಳನ್ನು ಅಲ್ಲಾಹನು ಒಳಿತುಗಳಾಗಿ ಬದಲಿಸುತ್ತಾನೆಂಬ ಮಾತು ‘ಫುರ್ಕಾನ್’ ಅಧ್ಯಾಯದಲ್ಲಿದೆ (25:70). ಇದಕ್ಕಿಂತ ಹೆಚ್ಚಿನದನ್ನು ಪಾಪಿಯೊಬ್ಬ ಬೇಡಲಾರ. ಎರಡನೆಯದು ಹೃದಯಕ್ಕೆ ಸಂಬಂಧಿಸಿದ್ದು. ಪಾಪ ಮಾಡಿದಾಗ ಹೃದಯದ ಮೇಲೆ ಕಪ್ಪು ಚುಕ್ಕೆಯೊಂದು ಮೂಡುತ್ತದೆ, ಬಿಟ್ಟು ಕ್ಷಮೆ ಕೇಳಿ ಮರಳಿದಾಗ ಅದು ತೊಳೆದುಹೋಗುತ್ತದೆ, ಮುಂದುವರಿಸಿದರೆ ಹರಡಿ ಹೃದಯವನ್ನೇ ಮುಚ್ಚುತ್ತದೆ ಎಂದು ತಿರ್ಮಿದಿಯ ಹದೀಸ್ ವಿವರಿಸುತ್ತದೆ. ನಮಾಝಿನಲ್ಲಿ ರುಚಿ ಹೋಯಿತು, ಕುರ್‌ಆನ್ ಓದಿದರೂ ಮನ ಕರಗದು ಎನ್ನುವವರು ಮೊದಲು ಪರಿಶೀಲಿಸಬೇಕಾದದ್ದು ಇದನ್ನೇ.

ಲೌಕಿಕ ಫಲಗಳನ್ನೂ ಕುರ್‌ಆನ್ ಮುಚ್ಚಿಟ್ಟಿಲ್ಲ. ನೂಹ್ (ಅ) ತಮ್ಮ ಜನರಿಗೆ ‘ನಿಮ್ಮ ಪ್ರಭುವಿನಲ್ಲಿ ಕ್ಷಮೆ ಕೇಳಿರಿ, ಅವನು ನಿಮ್ಮ ಮೇಲೆ ಧಾರಾಕಾರ ಮಳೆ ಸುರಿಸುವನು, ಸಂಪತ್ತು ಮತ್ತು ಮಕ್ಕಳಿಂದ ನೆರವು ನೀಡುವನು, ತೋಟಗಳನ್ನೂ ನದಿಗಳನ್ನೂ ಉಂಟುಮಾಡುವನು’ ಎಂದರು (71:10-12). ಮಳೆಯಿಲ್ಲವೆಂದು, ಬಡತನವೆಂದು, ಮಕ್ಕಳಿಲ್ಲವೆಂದು ಬಂದ ಬೇರೆ ಬೇರೆ ಜನರಿಗೆಲ್ಲ ಆರಂಭಕಾಲದ ವಿದ್ವಾಂಸ ಹಸನುಲ್ ಬಸ್ರೀ ಇಸ್ತಿಗ್ಫಾರ್ ಒಂದನ್ನೇ ಸೂಚಿಸಿ, ಕಾರಣ ಕೇಳಿದಾಗ ಇವೇ ವಚನಗಳನ್ನು ಓದಿದರೆಂದು ವ್ಯಾಖ್ಯಾನಕಾರರು ದಾಖಲಿಸಿದ್ದಾರೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಬಡಾವಣೆಗಳು ಟ್ಯಾಂಕರ್‌ಗಾಗಿ ಕಾದಿದ್ದು ರಮಝಾನ್ ತಿಂಗಳಲ್ಲೇ; ಇಂಥ ಕಾಲಕ್ಕೆಂದೇ ಇರುವ ಇಸ್ತಿಸ್ಕಾ, ಅಂದರೆ ಮಳೆ ಬೇಡುವ ಪ್ರಾರ್ಥನೆಯ ತಿರುಳೂ ಇಸ್ತಿಗ್ಫಾರ್. ಕೆರೆಗೆ ಮಣ್ಣು ತುಂಬಿದ, ಮಳೆನೀರ ಕಾಲುವೆಯ ಮೇಲೆ ಗೋಡೆ ಎಬ್ಬಿಸಿದ, ವುಝೂ ಮಾಡುವಾಗ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟ ತಪ್ಪುಗಳೂ ಆ ಕ್ಷಮಾಯಾಚನೆಯ ಒಳಗೆ ಸೇರಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಆದರೆ ಇಷ್ಟು ಸಾವಿರ ಬಾರಿ ಹೇಳಿದರೆ ಇಷ್ಟು ದಿನದಲ್ಲಿ ನೌಕರಿ, ಇಷ್ಟು ದಿನದಲ್ಲಿ ಮದುವೆ ಎಂದು ಹರಿದಾಡುವ ಸಂದೇಶಗಳಿಗೆ ಕುರ್‌ಆನ್‌ನಲ್ಲಾಗಲಿ ಅಧಿಕೃತ ಹದೀಸ್‌ಗಳಲ್ಲಾಗಲಿ ಆಧಾರವಿಲ್ಲ. ಫಲ ಯಾವ ರೂಪದಲ್ಲಿ, ಎಂದು ಸಿಗಬೇಕೆಂಬುದು ಅಲ್ಲಾಹನ ನಿರ್ಧಾರ. ಔಷಧಿ, ಅರ್ಜಿ, ಸಂದರ್ಶನ, ದುಡಿಮೆ ಇವು ಯಾವುದನ್ನೂ ಇಸ್ತಿಗ್ಫಾರ್ ನಿಲ್ಲಿಸಲು ಹೇಳುವುದಿಲ್ಲ.

ತೀರಿಕೊಂಡ ತಂದೆತಾಯಿಗಾಗಿ

ಸ್ವರ್ಗದಲ್ಲಿ ತನ್ನ ದರ್ಜೆ ಏರಿದ್ದನ್ನು ಕಂಡು ‘ಇದು ಎಲ್ಲಿಂದ?’ ಎಂದು ಕೇಳುವ ಮನುಷ್ಯನಿಗೆ ‘ನಿನ್ನ ಮಗು ನಿನಗಾಗಿ ಮಾಡಿದ ಇಸ್ತಿಗ್ಫಾರ್‌ನಿಂದ’ ಎಂಬ ಉತ್ತರ ಸಿಗುತ್ತದೆಂದು ಇಬ್ನು ಮಾಜಾ ಹದೀಸ್ ಸಂಗ್ರಹದಲ್ಲಿ ವರದಿಯಿದೆ. ನಮಾಝಿನ ಕೊನೆಯ ಬೈಠಕ್‌ನಲ್ಲಿ ಸಲಾಮ್‌ಗೆ ಮುನ್ನ ಇಬ್ರಾಹೀಮರ (ಅ) ದುಆವನ್ನು ಸೇರಿಸಿಕೊಳ್ಳಿ: ‘ರಬ್ಬನಗ್ಫಿರ್ ಲೀ ವ ಲಿವಾಲಿದಯ್ಯ ವ ಲಿಲ್‌ಮುಅ್‌ಮಿನೀನ ಯೌಮ ಯಕೂಮುಲ್ ಹಿಸಾಬ್’ (ನಮ್ಮ ಪ್ರಭೂ, ವಿಚಾರಣೆ ನಡೆಯುವ ದಿನ ನನ್ನನ್ನೂ ನನ್ನ ತಂದೆತಾಯಿಯನ್ನೂ ಸತ್ಯವಿಶ್ವಾಸಿಗಳನ್ನೂ ಕ್ಷಮಿಸು; 14:41). ಬಾಯಿಯ ಈ ಪ್ರಾರ್ಥನೆಯ ಜೊತೆಗೆ ಅವರ ಪರವಾಗಿ ಮಾಡಬೇಕಾದ ಕೆಲಸವೂ ಇದೆ. ತಂದೆಯ ಡೈರಿ, ಬ್ಯಾಂಕ್ ಪಾಸ್‌ಬುಕ್, ಅಂಗಡಿಯ ಉದ್ರಿ ಪುಸ್ತಕ ನೋಡಿ, ಅವರ ಸ್ನೇಹಿತರನ್ನೂ ಕೆಲಸಗಾರರನ್ನೂ ವಿಚಾರಿಸಿ, ಅವರು ಕೊಡಬೇಕಿದ್ದ ಸಾಲಗಳ ಪಟ್ಟಿ ಮಾಡಿ. ಅಂತ್ಯಸಂಸ್ಕಾರದ ಖರ್ಚಿನ ನಂತರ ಅವರು ಬಿಟ್ಟ ಆಸ್ತಿಯಿಂದ ಮೊದಲು ತೀರಬೇಕಾದದ್ದು ಈ ಸಾಲಗಳು. ಆಮೇಲೆ ಉಳಿದದ್ದರ ಮೂರನೇ ಒಂದರ ಮಿತಿಯೊಳಗಿನ ವಸಿಯ್ಯತ್ (ಉಯಿಲು), ಅದಾದ ಮೇಲೆಯೇ ಮಕ್ಕಳ ಪಾಲು.